ಶುಕ್ರವಾರ ರಾತ್ರಿಯ ದೀಪಗಳು: ಒಂದು ದೃಶ್ಯಕಾವ್ಯವೂ ಅದರ ಪ್ರೇಕ್ಷಕರೂ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ವಿಚಾರಿಸುವುದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿರಿಸಿರುವನು. ನಾಟಕವು ಗೆದ್ದಿತೋ ಸೋತಿತೋ ಎಂಬುದನ್ನು ಕವಿಯ ಬಾಯಿಂದಾಗಲಿ ನಟನ ಬಾಯಿಂದಾಗಲಿ ಕೇಳಬೇಕಾದುದಿಲ್ಲ. ಪ್ರೇಕ್ಷಕನ ಕಡೆಗೆ ತಿರುಗಿ ನೋಡಿದರೆ ತಿಳಿಯುವುದು. ಮುಗುಳುನಗೆ, ಗಟ್ಟಿನಗೆ, ‘ಸಾಧು’ ಎಂಬ ಮೆಚ್ಚುಗೆ, ‘ಅಹೋ’ ಎಂಬ ವಿಸ್ಮಯ, ‘ಕಷ್ಟಂ’ ಎಂಬ ಮರುಕ, ಮೈನವಿರೇಳುವುದು, ಕುಳಿತಲ್ಲಿಂದ ಎದ್ದು ನಿಲ್ಲುವುದು, ಕೊನೆಗೆ ಮೈಮೇಲಿನ ವಸ್ತ್ರವನ್ನೋ ಬೆರಳಿನ ಉಂಗುರವನ್ನೋ ತೆಗೆದು ರಂಗದ ಕಡೆಗೆ ಎಸೆಯುವುದು, ಇವೆಲ್ಲವೂ ಮಾನುಷೀ ಸಿದ್ಧಿಯ ಲಕ್ಷಣಗಳು. ಇಷ್ಟಲ್ಲದೆ ಪ್ರಾಶ್ನಿಕರೆಂಬ ಪರೀಕ್ಷಕರನ್ನೂ ಆತನು ಹೇಳಿರುವನು. ಅವರಲ್ಲಿ ಬಿಲ್ವಿದ್ಯೆಯನ್ನು ಬಲ್ಲವನೂ ಉಂಟು, ಚಿತ್ರಕಾರನೂ ಉಂಟು, ವ್ಯಾಕರಣವನ್ನು ಬಲ್ಲವನೂ ಉಂಟು. ಅವರವರು ಬಲ್ಲ ಭಾಗಕ್ಕೆ ಅವರವರೇ ನ್ಯಾಯಾಧಿಪತಿಗಳು.

ನಾಟಕವು ರಂಗವನ್ನು ಬಿಟ್ಟು ಟೆಲಿವಿಷನ್ನಿನ ಪೆಟ್ಟಿಗೆಯೊಳಕ್ಕೆ ಬಂದು ಕುಳಿತ ಮೇಲೆ ಈ ಲಕ್ಷಣಗಳೆಲ್ಲವೂ ನಟನ ಕಣ್ಣಿಗೆ ಮರೆಯಾದುವು. ಎದ್ದು ನಿಂತವನು ತನ್ನ ಮನೆಯ ಪಡಸಾಲೆಯಲ್ಲಿ ಎದ್ದು ನಿಲ್ಲುವನು. ಉಂಗುರವನ್ನು ಎಸೆದರೆ ಅದು ಎದುರು ಗೋಡೆಗೆ ತಗಲಿ ಹಿಂದಕ್ಕೆ ಬರುವುದು. ಆದರೂ ಪ್ರೇಕ್ಷಕನು ಮೂಕನಾಗಿಲ್ಲ. ನೋಡಿದವರು ನೋಡಿದವರನ್ನು ಹುಡುಕಿಕೊಂಡು ಹೋಗುವರು. ಒಂದು ಪಾತ್ರದ ಪಕ್ಷವನ್ನು ಹಿಡಿದು ಗಂಟೆಗಟ್ಟಲೆ ವಾದಿಸುವರು. ಕಥೆಯು ಹೀಗಾಗಬಾರದಿತ್ತೆಂದು ಕವಿಗೇ ಬುದ್ಧಿಹೇಳುವರು. ಇಂಥ ವಾದವನ್ನು ಹರಟೆಯೆಂದು ತಳ್ಳಿಬಿಡುವುದು ವಿದ್ವಾಂಸರ ರೂಢಿ. ಆದರೆ ಒಂದು ಕೃತಿಯ ವಿಷಯದಲ್ಲಿಯಾದರೂ ಆ ಹರಟೆಯನ್ನು ಕಿವಿಗೊಟ್ಟು ಕೇಳಬೇಕಾಗಿರುವುದು. ಏತಕ್ಕೆಂದರೆ, ಆ ಕೃತಿಯ ವಸ್ತುವೇ ಪ್ರೇಕ್ಷಕರು. ಅಮೆರಿಕದ ‘ಫ್ರೈಡೇ ನೈಟ್ ಲೈಟ್ಸ್’ ಎಂಬ ಧಾರಾವಾಹಿಯೇ ಅದು.

ಇದರ ಮೂಲವು ಕಟ್ಟುಕಥೆಯಲ್ಲ. ಬಝ್ ಬಿಸಿಂಜರ್ ಎಂಬ ಪತ್ರಿಕೋದ್ಯೋಗಿಯು ಟೆಕ್ಸಸ್ ಸಂಸ್ಥಾನದ ಒಡೆಸ್ಸಾ ಎಂಬ ಪಟ್ಟಣದಲ್ಲಿ ನೆಲಸಿ, ಅಲ್ಲಿಯ ಪರ್ಮಿಯನ್ ಹೈಸ್ಕೂಲಿನ ಹುಡುಗರು 1988ರಲ್ಲಿ ಆಡಿದ ಫುಟ್‌ಬಾಲ್ ಪಂದ್ಯಗಳ ವೃತ್ತಾಂತವನ್ನು 1990ರಲ್ಲಿ ಇದೇ ಹೆಸರಿನ ಗ್ರಂಥವಾಗಿ ಪ್ರಕಟಿಸಿದನು. 2004ರಲ್ಲಿ ಆತನ ಬಂಧುವಾದ ಪೀಟರ್ ಬರ್ಗ್ ಅದನ್ನು ಚಲಚ್ಚಿತ್ರ ಮಾಡಿದನು. ಅದೇ ಬರ್ಗನು ಒಡೆಸ್ಸಾವನ್ನು ಬಿಟ್ಟು ಡಿಲನ್ ಎಂಬ ಕಲ್ಪಿತವಾದ ಊರನ್ನು ನಿರ್ಮಿಸಿ ಟೆಲಿವಿಷನ್ನಿಗೆ ಅಳವಡಿಸಿದನು. 2006ನೆಯ ಅಕ್ಟೋಬರ್ 3ರಂದು ಎನ್‌ಬಿಸಿ ಸಂಸ್ಥೆಯಲ್ಲಿ ಮೊದಲಾದ ಈ ಧಾರಾವಾಹಿಯು ಜೇಸನ್ ಕೇಟಿಮ್ಸ್ ಎಂಬ ಲೇಖಕನ ಮುಖ್ಯಸ್ಥಿಕೆಯಲ್ಲಿ ಬೆಳೆದು 2011ರಲ್ಲಿ ಮುಗಿಯಿತು. ‘ಸೀಸನ್’ ಎಂದು ಅಲ್ಲಿಯವರು ಕರೆಯುವ ಭಾಗಗಳನ್ನು ಪರ್ವಗಳೆನ್ನುವುದಾದರೆ ಪರ್ವಗಳು 5, ಕಂತುಗಳು 76.

ಆಟದ ವಿಷಯವಾಗಿ ಒಂದು ಮಾತು. ಫುಟ್‌ಬಾಲ್ ಎಂದೊಡನೆ ಕನ್ನಡ ವಾಚಕರ ಮನಸ್ಸಿಗೆ ಬರುವ ಕಾಲ್ಚೆಂಡಾಟ ಇದಲ್ಲ. ಇದರಲ್ಲಿ ಚೆಂಡು ಮೊಟ್ಟೆಯಾಕಾರದ್ದು; ಅದನ್ನು ಕೈಯಲ್ಲಿ ಅವುಚಿಕೊಂಡು ಓಡುವರು, ಕೈಯಿಂದಲೇ ಎಸೆಯುವರು. ಅದು ಕಾಲಿಗೆ ತಗಲುವುದೇ ಅಪರೂಪವಾಗಿರುವಾಗ ಈ ಹೆಸರನ್ನು ಇಟ್ಟವರ ನಿರುಕ್ತವನ್ನು ದೇವರೇ ಬಲ್ಲನು. ನೂರು ಗಜದ ಬಯಲಿನಲ್ಲಿ ಕಡೆಗೆ ಹನ್ನೊಂದು ಮಂದಿ ನಿಲ್ಲುವರು. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದುವರಿಯದಿದ್ದರೆ ಚೆಂಡು ಎದುರು ಪಕ್ಷದ ಪಾಲಾಗುವುದು. ಚೆಂಡನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂಬುದನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್, ಅವನೇ ದಂಡನಾಯಕ. ಟೆಕ್ಸಸ್ಸಿನ ಸಣ್ಣ ಊರುಗಳಲ್ಲಿ ಹೈಸ್ಕೂಲಿನ ಹುಡುಗರ ಈ ಪಂದ್ಯವು ಶುಕ್ರವಾರ ರಾತ್ರಿ ದೊಡ್ಡ ದೀಪಗಳ ಬೆಳಕಿನಲ್ಲಿ ನಡೆಯುವುದು. ಆ ಹೊತ್ತು ಅಂಗಡಿಗಳು ಮುಚ್ಚುವುವು, ಬೀದಿಗಳು ಬರಿದಾಗುವುವು. ಹದಿನೇಳು ವರ್ಷದ ಹುಡುಗನೊಬ್ಬನ ತೋಳಿನ ಮೇಲೆ ಇಡೀ ಊರಿನ ಮಾನವು ಕುಳಿತಿರುವುದು.

ಬಿಸಿಂಜರನ ಗ್ರಂಥವು ಇದನ್ನು ವರ್ಣಿಸಿದ್ದು ಹೊಗಳಿಕೆಗಾಗಿ ಅಲ್ಲ. ಎಣ್ಣೆಯ ಬೆಲೆ ಕುಸಿದು ಬಡವಾದ ಊರೊಂದು ತನ್ನ ಆಸೆಗಳೆಲ್ಲವನ್ನೂ ಮಕ್ಕಳ ಮೇಲೆ ಹೇರಿರುವುದನ್ನೂ, ಪಾಠಕ್ಕಿಂತ ಪಂದ್ಯವು ದೊಡ್ಡದಾಗಿರುವುದನ್ನೂ, ಮಂಡಿಯೊಂದು ಮುರಿದೊಡನೆ ಕರಿಯ ಹುಡುಗನೊಬ್ಬನು ಊರಿಗೆ ಬೇಡವಾದುದನ್ನೂ ಆತನು ಬಿಚ್ಚಿ ಹೇಳಿದನು. ಒಡೆಸ್ಸಾದವರು ಸಿಟ್ಟಾದರು, ಗ್ರಂಥಕರ್ತನು ಆ ಊರಿಗೆ ಮತ್ತೆ ಬರುವುದಾಗಿದ್ದುದನ್ನು ಬೆದರಿಕೆಗಳ ಕಾರಣದಿಂದ ನಿಲ್ಲಿಸಬೇಕಾಯಿತು. ಗ್ರಂಥವು ಹೀಗೆ ಒಂದು ಆಪಾದನೆ. ಚಲಚ್ಚಿತ್ರದಲ್ಲಿಯೇ ಆ ಆಪಾದನೆಯು ಸ್ವಲ್ಪ ಮೆತ್ತಗಾಯಿತು. 1988ರಲ್ಲಿ ಪರ್ಮಿಯನ್ ತಂಡವು ನಿಜವಾಗಿ ಸೋತದ್ದು ಸೆಮಿಫೈನಲ್ ಪಂದ್ಯದಲ್ಲಿ. ಚಿತ್ರದಲ್ಲಿ ಅದು ಫೈನಲ್ ಪಂದ್ಯವಾಯಿತು. ಸೋಲನ್ನೂ ವೈಭವದಿಂದ ನೋಡಬೇಕೆಂಬ ಪ್ರೇಕ್ಷಕನ ಹಂಬಲಕ್ಕೆ ಅದು ಮೊದಲನೆಯ ಕಾಣಿಕೆ. ಧಾರಾವಾಹಿಯಲ್ಲಂತೂ ಆಪಾದನೆಯು ಪ್ರೀತಿಯೊಡನೆ ಎಷ್ಟು ಹೆಣೆದುಕೊಂಡಿರುವುದೆಂದರೆ ಎರಡನ್ನೂ ಬಿಡಿಸಲು ಹೋದ ರಸಿಕರು ಇಂದಿಗೂ ಜಗಳವಾಡುತ್ತಲೇ ಇರುವರು.

ಮೊದಲನೆಯ ಕಂತನ್ನೇ ನೋಡಬಹುದು. ಜೇಸನ್ ಸ್ಟ್ರೀಟ್ ಎಂಬ ಕ್ವಾರ್ಟರ್‌ಬ್ಯಾಕ್ ಊರಿನ ಕಣ್ಮಣಿ. ಅವನ ಭವಿಷ್ಯವನ್ನು ಎಲ್ಲರೂ ಹಂಚಿಕೊಂಡು ಉಂಡಿರುವರು. ಮೊದಲ ಪಂದ್ಯದಲ್ಲಿಯೇ ಅವನು ಎದುರಾಳಿಯನ್ನು ತಡೆಯಹೋಗಿ ಬಿದ್ದು ಏಳಲಾರದೆ ಹೋಗುವನು. ಮುಂದೆ ಅವನು ನಡೆಯುವಂತಿಲ್ಲ. ಅವನ ಸ್ಥಾನಕ್ಕೆ ಮ್ಯಾಟ್ ಸರಾಸೆನ್ ಬರುವನು. ಮಾತಿನಲ್ಲಿ ತಡವರಿಸುವ, ಮರೆವಿನ ರೋಗದ ಅಜ್ಜಿಯನ್ನು ಒಬ್ಬನೇ ನೋಡಿಕೊಳ್ಳುತ್ತಿರುವ, ತಂದೆಯು ಇರಾಕಿನ ಯುದ್ಧದಲ್ಲಿರುವ ಹುಡುಗನಿವನು. ಅವನು ನಡುಗುತ್ತ ಚೆಂಡನ್ನು ಎಸೆಯುವನು, ಊರು ಗೆಲ್ಲುವುದು. ಒಂದು ಕಡೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ಇನ್ನೊಂದು ಕಡೆ ಗೆಲುವು. ಇದನ್ನು ನೋಡುವವನು ತನ್ನನ್ನು ಪರೀಕ್ಷಿಸಿಕೊಂಡರೆ ನಾಚಿಕೆಪಡಬೇಕಾದ ಸಂಗತಿಯೊಂದು ಹೊರಡುವುದು: ಹುಡುಗನ ಬೆನ್ನುಮೂಳೆ ಮುರಿದು ಗಳಿಗೆಯೂ ಆಗಿಲ್ಲ, ಆಗಲೇ ಮನಸ್ಸು ಪಂದ್ಯವು ಏನಾಯಿತೆಂದು ಕೇಳಿರುವುದು. ಡಿಲನ್ ಊರಿನವರೂ ಅಷ್ಟನ್ನೇ ಕೇಳಿದರು.

ಪ್ರೇಕ್ಷಕನು ಇಷ್ಟು ಬೇಗ ಆ ಊರಿನವನಾಗುವುದಕ್ಕೆ ಪ್ರಯೋಗದ ರೀತಿಯೂ ಕಾರಣ. ಆಸ್ಟಿನ್ ನಗರದ ಸುತ್ತಮುತ್ತ, ನಿಜವಾದ ಮನೆಗಳಲ್ಲಿಯೂ ಬಯಲುಗಳಲ್ಲಿಯೂ ಇದನ್ನು ಚಿತ್ರಿಸಿದರು. ನಟರಿಗೆ ಮುಂಚಿತವಾದ ಅಭ್ಯಾಸವಿಲ್ಲ; ಇಲ್ಲಿ ನಿಲ್ಲು, ಅಲ್ಲಿಗೆ ನಡೆ ಎಂಬ ಗುರುತುಗಳಿಲ್ಲ; ಮೂರು ಕ್ಯಾಮೆರಾಗಳು ಅವರ ಹಿಂದೆ ಮುಂದೆ ಸುಳಿದಾಡುವುವು; ಬರೆದ ಮಾತನ್ನು ಬದಲಾಯಿಸಿ ಆಡುವ ಸ್ವಾತಂತ್ರ್ಯವೂ ಅವರಿಗಿತ್ತು. ಆದುದರಿಂದ ಮಾತುಗಳು ಒಂದರ ಮೇಲೊಂದು ಬೀಳುವುವು, ಅರ್ಧಕ್ಕೇ ನಿಲ್ಲುವುವು. ನೋಡುವವನಿಗೆ ತಾನು ನೆರೆಮನೆಯ ಕಿಟಕಿಯಿಂದ ಇಣುಕುತ್ತಿರುವಂತೆ ತೋರುವುದು. ಕೆಲವರಿಗೆ ಆ ನಡುಗುವ ಚಿತ್ರದಿಂದ ತಲೆನೋವು ಬಂದುದೂ ನಿಜ; ತಲೆನೋವಿಗೂ ಕಾವ್ಯಮೀಮಾಂಸೆಗೂ ಸಂಬಂಧವಿಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡಬಹುದು.

ಅಭಿಮಾನಿಗಳಲ್ಲಿ ಭಿನ್ನಾಭಿಪ್ರಾಯವೇ ಇಲ್ಲದ ಭಾಗವೊಂದು ಉಂಟು: ಕೋಚ್ ಎರಿಕ್ ಟೇಲರನೂ ಆತನ ಹೆಂಡತಿ ಟ್ಯಾಮಿಯೂ. ಕೈಲ್ ಚಾಂಡ್ಲರ್, ಕಾನಿ ಬ್ರಿಟನ್ ಎಂಬಿಬ್ಬರು ನಟರು ಈ ದಾಂಪತ್ಯವನ್ನು ಅಭಿನಯಿಸಿರುವರು. ಟೆಲಿವಿಷನ್ ನಾಟಕಗಳಲ್ಲಿ ಮದುವೆಯೆಂಬುದು ಮುರಿಯುವುದಕ್ಕಾಗಿಯೇ ಇರುವ ವಸ್ತು. ಇಲ್ಲಿ ಹಾಗಲ್ಲ. ಇವರು ಜಗಳವಾಡುವರು, ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಲೇ ಒಬ್ಬರನ್ನೊಬ್ಬರು ಸೋಲಿಸುವರು, ಮಗಳ ವಿಷಯದಲ್ಲಿ ಎರಡು ಮನಸ್ಸಾಗುವರು. ಆದರೆ ಪರಪುರುಷನೋ ಪರಸ್ತ್ರೀಯೋ ಬಂದು ಈ ಮನೆಯನ್ನು ಒಡೆಯುವರೆಂಬ ಭಯವು ಪ್ರೇಕ್ಷಕನಿಗೆ ಎಂದೂ ಹುಟ್ಟುವುದಿಲ್ಲ. ಶೃಂಗಾರವೆಂದರೆ ಪೂರ್ವರಾಗವೇ ಎಂದು ತಿಳಿದಿರುವವರು ಭವಭೂತಿಯ ಉತ್ತರರಾಮಚರಿತವನ್ನು ಓದಬೇಕು. ಹಳೆಯದಾದ ಪ್ರೀತಿಯೂ ರಸಕ್ಕೆ ಪಾತ್ರವಾಗುವುದೆಂಬುದು ಆ ಮಹಾಕವಿಗೆ ತಿಳಿದಿತ್ತು. ಡಿಲನ್ನಿನ ಈ ದಂಪತಿಗಳನ್ನು ಮೆಚ್ಚಿದ ಸಾಮಾನ್ಯ ಗೃಹಸ್ಥರಿಗೂ ಅದು ಶಾಸ್ತ್ರದ ಸಹಾಯವಿಲ್ಲದೆ ತಿಳಿಯಿತು.

ಭಿನ್ನಾಭಿಪ್ರಾಯವು ತಲೆಯೆತ್ತಿದ್ದು 2007ರಲ್ಲಿ, ಎರಡನೆಯ ಪರ್ವದಲ್ಲಿ. ಲ್ಯಾಂಡ್ರಿ ಎಂಬುವನು ಸರಾಸೆನ್ನನ ಗೆಳೆಯ. ವಾಚಾಳಿ, ಬುದ್ಧಿವಂತ, ಆಟದಲ್ಲಿ ಕೈಲಾಗದವನು. ಟೈರಾ ಎಂಬ ಹುಡುಗಿಯನ್ನು ಹಿಂಬಾಲಿಸಿ ಬಂದು ಮೈಮೇಲೆ ಬಿದ್ದ ದುಷ್ಟನೊಬ್ಬನನ್ನು ಇವನು ಹೊಡೆದು ಕೊಲ್ಲುವನು. ಇಬ್ಬರೂ ಸೇರಿ ಹೆಣವನ್ನು ಹೊಳೆಗೆ ಎಸೆಯುವರು. ಲ್ಯಾಂಡ್ರಿಯ ತಂದೆಯು ಪೋಲೀಸಿನವನು. ಮಗನನ್ನು ಉಳಿಸುವುದಕ್ಕಾಗಿ ಆತನು ಸಾಕ್ಷ್ಯವಾಗಬಹುದಾಗಿದ್ದ ಮೋಟಾರನ್ನೇ ಸುಟ್ಟುಬಿಡುವನು. ಕೊನೆಗೆ ಹುಡುಗನು ತಾನಾಗಿ ಒಪ್ಪಿಕೊಂಡರೂ ಶಿಕ್ಷೆಯಿಲ್ಲ. ಮೂರನೆಯ ಪರ್ವದ ವೇಳೆಗೆ ಕಥೆಯೇ ಅದನ್ನು ಮರೆತಂತಾಯಿತು. ಅಭಿಮಾನಿಗಳು ಕೆರಳಿದರು. ಇಂದಿಗೂ ಈ ಧಾರಾವಾಹಿಯನ್ನು ಹೊಸಬರಿಗೆ ಹೇಳುವವರು ‘ಎರಡನೆಯ ಪರ್ವವನ್ನು ಹೇಗಾದರೂ ದಾಟಿಬಿಡಿ’ ಎಂದು ಎಚ್ಚರಿಸುವುದು ವಾಡಿಕೆಯಾಗಿರುವುದು.

ಅಭಿನವಗುಪ್ತನು ರಸಕ್ಕೆ ಏಳು ವಿಘ್ನಗಳನ್ನು ಎಣಿಸಿರುವನು. ಅವುಗಳಲ್ಲಿ ಮೊದಲನೆಯದು ಸಂಭಾವನಾವಿರಹ. ಅಂದರೆ ನಡೆದುದನ್ನು ನಡೆಯಬಹುದಾದುದೆಂದು ಪ್ರೇಕ್ಷಕನ ಮನಸ್ಸು ಒಪ್ಪದೆ ಹೋಗುವುದು. ಅಭಿಮಾನಿಗಳ ದೂರು ಸರಿಯಾಗಿ ಇದೇ. ಆದರೆ ಅವರು ಕೊಡುವ ಕಾರಣವು ಸರಿಯಲ್ಲ. ‘ಲ್ಯಾಂಡ್ರಿಯಂಥ ಹುಡುಗನು ಕೊಲೆ ಮಾಡಲಾರನು’ ಎಂದು ಅವರಲ್ಲಿ ಬಹುಮಂದಿ ಹೇಳುವರು. ಏಕೆ ಮಾಡಲಾರನು? ಹೆದರಿದವನೂ ಪ್ರೀತಿಸಿದವನೂ ಕೈಗೆ ಸಿಕ್ಕಿದುದನ್ನು ಹಿಡಿದು ಹೊಡೆಯುವುದು ಲೋಕದಲ್ಲಿ ಕಾಣದ ಸಂಗತಿಯಲ್ಲ. ಜೆಸ್ಸಿ ಪ್ಲೆಮನ್ಸ್ ಎಂಬ ನಟನು ಆ ಭಯವನ್ನೂ ಪಶ್ಚಾತ್ತಾಪವನ್ನೂ ಚೆನ್ನಾಗಿಯೇ ಅಭಿನಯಿಸಿರುವನು. ಅನೌಚಿತ್ಯವು ಪಾತ್ರದಲ್ಲಿಲ್ಲ, ದೇಶದಲ್ಲಿರುವುದು. ಡಿಲನ್ ಎಂಬುದು ಎಂಥ ಊರು? ಕೋಚನು ಯಾವ ಅಂಗಡಿಗೆ ಹೋದರೂ ಶುಕ್ರವಾರದ ವ್ಯೂಹವೇನೆಂದು ಕೇಳುವ ಊರು. ಸರಾಸೆನ್ನನು ಯಾವ ಹುಡುಗಿಯೊಡನೆ ತಿಂಡಿ ತಿಂದನೆಂಬುದು ಬೆಳಗಾಗುವುದರೊಳಗೆ ಎಲ್ಲರಿಗೂ ತಿಳಿಯುವ ಊರು. ಅಂಥ ಊರಿನಲ್ಲಿ ಹೊಳೆಯಲ್ಲಿ ಹೆಣವೊಂದು ಸಿಕ್ಕಿದರೆ ಮಾತಾಡುವವರೇ ಇಲ್ಲ! ತಂಡದ ಹುಡುಗನೊಬ್ಬನು ಪೋಲೀಸ್ ಠಾಣೆಗೆ ಹೋಗಿ ಬಂದರೆ ರೇಡಿಯೋದಲ್ಲಿ ಅದರ ಸುದ್ದಿಯಿಲ್ಲ! ಮೊದಲನೆಯ ಪರ್ವವು 22 ಕಂತುಗಳಲ್ಲಿ ಕಟ್ಟಿದ ಊರನ್ನು ಎರಡನೆಯದು ಕೊಲೆಯ ಗುಟ್ಟಿಗಾಗಿ ಕಿವುಡು ಮಾಡಿತು. ಅನೌಚಿತ್ಯಕ್ಕಿಂತ ಮಿಗಿಲಾದ ರಸಭಂಗಕಾರಣವಿಲ್ಲವೆಂಬ ಆನಂದವರ್ಧನನ ತೀರ್ಪು, ಆತನ ಹೆಸರನ್ನೇ ಕೇಳದ ಜನರ ಬಾಯಿಂದ ಟೆಕ್ಸಸ್ಸಿನ ಕಥೆಗೆ ವಿಧಿಸಲ್ಪಟ್ಟಿತು.

ಆ ಪರ್ವವು 15 ಕಂತುಗಳಿಗೇ ಮೊಟಕಾಯಿತು. 2007ರ ಕೊನೆಯಿಂದ 2008ರ ಮೊದಲವರೆಗೆ ನಡೆದ ಚಿತ್ರಲೇಖಕರ ಮುಷ್ಕರವೇ ಇದಕ್ಕೆ ಕಾರಣ. ಸಾಂಟಿಯಾಗೋ ಎಂಬ ಹೊಸ ಹುಡುಗನು ಕಥೆಯಲ್ಲಿ ಹಾಗೆಯೇ ಕಾಣೆಯಾದನು. ಅವನೇನಾದನೆಂದು ಕೇಳುವುದು ಅಭಿಮಾನಿಗಳಲ್ಲಿ ಒಂದು ಹಾಸ್ಯವೇ ಆಗಿರುವುದು. ನೋಡುವವರ ಸಂಖ್ಯೆಯು ಮೊದಲಿನಿಂದಲೂ ಕಡಮೆ. ಧಾರಾವಾಹಿಯು ನಿಂತುಹೋಗುವುದೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಹಣ ಕೂಡಿಸಿ ಸಣ್ಣ ಸಣ್ಣ ಫುಟ್‌ಬಾಲುಗಳನ್ನು ರಾಶಿರಾಶಿಯಾಗಿ ಎನ್‌ಬಿಸಿ ಕಚೇರಿಗೆ ಕಳುಹಿಸಿದರು. ವಸ್ತ್ರವನ್ನೂ ಉಂಗುರವನ್ನೂ ಎಸೆಯುವ ಪ್ರಾಚೀನ ಪ್ರೇಕ್ಷಕನ ವಂಶವು ನಿಂತಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ಕಡೆಗೆ ಡೈರೆಕ್‌ಟಿವಿ ಎಂಬ ಸಂಸ್ಥೆಯು ವೆಚ್ಚದಲ್ಲಿ ಪಾಲುಗೊಂಡು, ತನ್ನ ಚಂದಾದಾರರಿಗೆ ಮೊದಲು ತೋರಿಸಿ ಆಮೇಲೆ ಎನ್‌ಬಿಸಿಗೆ ಬಿಡುವ ಏರ್ಪಾಡಿನಿಂದ ಇನ್ನು ಮೂರು ಪರ್ವಗಳು ಹೊರಬಂದುವು.

ಈ ಪ್ರಸಂಗವನ್ನು ಅಭಿಮಾನಿಗಳು ತಮ್ಮ ಕೀರ್ತಿಯಾಗಿ ಹೇಳಿಕೊಳ್ಳುವರು, ಹೇಳಿಕೊಳ್ಳಲಿ. ಆದರೆ ಇದರಲ್ಲಿ ಅವರು ಕಾಣದೆ ಬಿಟ್ಟ ಒಂದು ಸ್ವಾರಸ್ಯವುಂಟು. ಕಥೆಯೊಳಗೆ ಬಡಿ ಗ್ಯಾರಿಟಿ ಎಂಬ ಮೋಟಾರು ವ್ಯಾಪಾರಿಯಿರುವನು. ತಂಡಕ್ಕೆ ಹಣ ಕೂಡಿಸುವ ಪೋಷಕರ ಸಂಘಕ್ಕೆ ಅವನೇ ಆಧಾರ. ಕೋಚನ ಮನೆಯ ಬಾಗಿಲನ್ನು ಹೊತ್ತಲ್ಲದ ಹೊತ್ತಿನಲ್ಲಿ ತಟ್ಟಿ, ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಹೇಳುವವನು ಅವನು. ನೋಡುವವರು ಅವನನ್ನು ನಗುತ್ತಲೇ ಸಹಿಸುವರು. ಹಣ ಕೂಡಿಸಿ ಚೆಂಡು ಕಳುಹಿಸಿ, ‘ಲ್ಯಾಂಡ್ರಿಯಿಂದ ಕೊಲೆ ಮಾಡಿಸಬೇಡಿ, ಸರಾಸೆನ್ನನಿಗೂ ಜೂಲಿಗೂ ಮದುವೆ ಮಾಡಿಸಿ’ ಎಂದು ಕವಿಗೆ ಹೇಳುವ ಅಭಿಮಾನಿಯು ಬಡಿ ಗ್ಯಾರಿಟಿಯಲ್ಲದೆ ಮತ್ತಾರು? ಡಿಲನ್ನಿನ ಹೋಟೆಲಿನಲ್ಲಿ ಕುಳಿತು ಶುಕ್ರವಾರದ ಪಂದ್ಯವನ್ನು ಹರಿದು ಹಂಚಿಹಾಕುವ ವೃದ್ಧರಿಗೂ, ಮರುದಿನ ಕಂತನ್ನು ಹರಿದು ಹಂಚಿಹಾಕುವ ರಸಿಕರಿಗೂ ವ್ಯತ್ಯಾಸವು ಬಟ್ಟೆಯಲ್ಲಿ ಮಾತ್ರ.

ಇಲ್ಲಿಗೆ ಅಭಿನವಗುಪ್ತನ ಎರಡನೆಯ ವಿಘ್ನವು ಬಂದಂತಾಯಿತು: ಇದು ತನ್ನದು, ಅದು ಪರರದು ಎಂಬ ಕಟ್ಟಿಗೆ ಸಿಕ್ಕಿಬೀಳುವುದು. ಪಂದ್ಯವನ್ನು ನೋಡುವವನಿಗೆ ಈ ಕಟ್ಟೇ ಜೀವಾಳ. ತನ್ನ ಪಕ್ಷವು ಗೆಲ್ಲಬೇಕು, ಅಷ್ಟೆ. ಕಾವ್ಯವನ್ನು ನೋಡುವವನಿಗಾದರೋ ಈ ಕಟ್ಟು ಕಳಚದ ಹೊರತು ರಸವಿಲ್ಲ. ಪಂದ್ಯದ ಪ್ರೇಕ್ಷಕನನ್ನೂ ಕಾವ್ಯದ ಪ್ರೇಕ್ಷಕನನ್ನೂ ಒಂದೇ ಆಸನದಲ್ಲಿ ಕೂರಿಸಿದ ಈ ಧಾರಾವಾಹಿಯು ಅವನಲ್ಲಿ ಯಾರನ್ನು ತೃಪ್ತಿಪಡಿಸುವುದು ಎಂಬುದೇ ನಿಜವಾದ ಪ್ರಶ್ನೆ. ಗ್ರಂಥದ ಪಕ್ಷಪಾತಿಗಳು, ‘ಬಿಸಿಂಜರನು ವಿಷವೆಂದುದನ್ನು ಇವರು ಪಾನಕ ಮಾಡಿದರು’ ಎನ್ನುವರು. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಸ್ಟ್ರೀಟನ ತಂದೆತಾಯಿಗಳು ಮಗನಿಗಾದ ಹಾನಿಗಾಗಿ ವ್ಯಾಜ್ಯ ಹೂಡಿದಾಗ ಊರು ಅವರನ್ನು ದ್ರೋಹಿಗಳಂತೆ ನೋಡುವುದು. ಕೋಚನನ್ನು ಪ್ರೀತಿಸುವ ಪ್ರೇಕ್ಷಕನ ಮನಸ್ಸೂ ಒಳಗೊಳಗೆ ಆ ದಂಪತಿಗಳಿಗೆ ವಿರೋಧವಾಗುವುದು. ಪಂದ್ಯಗಳೋ, ಬಹುಮಟ್ಟಿಗೆ ಕೊನೆಯ ಕ್ಷಣದಲ್ಲಿ ಕೊನೆಯ ಎಸೆತದಿಂದ ಗೆಲ್ಲುವುವು. ಆಟವನ್ನು ಬಲ್ಲ ಅಭಿಮಾನಿಗಳು ಇದನ್ನು ಮೊದಲಿನಿಂದಲೂ ಆಕ್ಷೇಪಿಸಿರುವರು. ಬಿಲ್ಲುಬಲ್ಲ ಪ್ರಾಶ್ನಿಕನ ಮಾತನ್ನು ಇಲ್ಲಿ ಒಪ್ಪಬೇಕಾದುದೇ.

ಆದರೆ ಆಪಾದನೆಯು ಸತ್ತಿಲ್ಲ. ಅದು ಬಯಲನ್ನು ಬಿಟ್ಟು ಶಾಲೆಯ ಕೋಣೆಗೆ ಬಂದು ನಿಂತಿರುವುದು. ಮೂರನೆಯ ಪರ್ವದಲ್ಲಿ ಟ್ಯಾಮಿಯು ಶಾಲೆಯ ಮುಖ್ಯೋಪಾಧ್ಯಾಯಿನಿ. ಸೀಮೆಸುಣ್ಣಕ್ಕೂ ಉಪಾಧ್ಯಾಯರಿಗೂ ಹಣವಿಲ್ಲ. ಅದೇ ವೇಳೆಗೆ ಪೋಷಕರ ಸಂಘವು ಕ್ರೀಡಾಂಗಣದಲ್ಲಿ ಒಂದು ಭಾರಿ ವಿದ್ಯುತ್ ಫಲಕವನ್ನು ನಿಲ್ಲಿಸಲು ಹಣವನ್ನು ಕೂಡಿಸಿರುವುದು. ಆಕೆಯು ಆ ಹಣವನ್ನು ಪಾಠಕ್ಕೆ ತಿರುಗಿಸಲು ಹೊರಡುವಳು, ಊರೇ ಎದುರುಬೀಳುವುದು, ಆಕೆಯು ಸೋಲುವಳು. ಈ ಪ್ರಸಂಗವನ್ನು ಅಭಿಮಾನಿಗಳು ಅಷ್ಟಾಗಿ ಚರ್ಚಿಸುವುದಿಲ್ಲ. ಟಿಮ್ ರಿಗಿನ್ಸ್ ಎಂಬ ಕುಡುಕ ಹುಡುಗನ ನೀಳವಾದ ಕೂದಲಿನ ವಿಷಯಕ್ಕೆ ದೊರೆತಷ್ಟು ಗಮನವು ಸೀಮೆಸುಣ್ಣಕ್ಕೆ ದೊರೆಯಲಿಲ್ಲ. ಅದೇ ಪರ್ವದಲ್ಲಿ ಟೈರಾ ಎಂಬ ಬಡ ಹುಡುಗಿಯು, ತನಗೇಕೆ ಕಾಲೇಜು ಬೇಕೆಂಬುದನ್ನು ಒಂದು ಪ್ರಬಂಧದಲ್ಲಿ ಬರೆದು ವಿಶ್ವವಿದ್ಯಾನಿಲಯಕ್ಕೆ ಸೇರುವಳು. ಚೆಂಡಿಲ್ಲದೆ ನಡೆದ ಆ ಗೆಲುವನ್ನು ಮಾತ್ರ ರಸಿಕರು ಗುರುತಿಸಿರುವರು. ಅದು ಅವರಿಗೆ ಶೋಭೆ ತರುವಂಥದು.

ನಾಲ್ಕನೆಯ ಪರ್ವದಲ್ಲಿ ಕವಿಗಳು ಪ್ರೇಕ್ಷಕನನ್ನು ನೇರವಾಗಿಯೇ ಪರೀಕ್ಷೆಗೆ ಎಳೆದರು. ಹಣವಂತನೊಬ್ಬನ ಪಿತೂರಿಯಿಂದ ಕೋಚನು ಡಿಲನ್ ಪ್ಯಾಂಥರ್ಸ್ ತಂಡದಿಂದ ಹೊರಬಿದ್ದು, ಊರಿನ ಪೂರ್ವಭಾಗದಲ್ಲಿ ಹೊಸದಾಗಿ ತೆರೆದ ಬಡ ಶಾಲೆಗೆ ಬರುವನು. ಹುಲ್ಲಿಲ್ಲದ ಬಯಲು, ಹಳೆಯ ಉಡುಪು, ಆಟವನ್ನೇ ಕಾಣದ ಹುಡುಗರು. ಅವರಲ್ಲಿ ಬಹುಮಂದಿ ಕರಿಯರು. ಮೂರು ಪರ್ವಗಳುದ್ದಕ್ಕೂ ಪ್ಯಾಂಥರ್ಸ್ ತಂಡದ ನೀಲಿ ಬಣ್ಣವನ್ನು ಕಂಡೊಡನೆ ಕುಣಿಯುತ್ತಿದ್ದ ಪ್ರೇಕ್ಷಕನು ಈಗ ಅದೇ ಬಣ್ಣವನ್ನು ಶತ್ರುವಿನ ಬಣ್ಣವಾಗಿ ನೋಡಬೇಕಾಯಿತು. ತನ್ನದೆಂದು ಹಿಡಿದುಕೊಂಡಿದ್ದುದು ಬಣ್ಣವನ್ನೋ ಮನುಷ್ಯರನ್ನೋ? ಕೆಲವರು ಗೊಣಗಿದರು, ಹಳೆಯ ಹುಡುಗರಿಲ್ಲದೆ ರುಚಿಯಿಲ್ಲವೆಂದರು. ಬಹುಮಂದಿ ಕೆಲವೇ ಕಂತುಗಳಲ್ಲಿ ವಿನ್ಸ್ ಹವರ್ಡನಿಗಾಗಿ ಎದ್ದು ನಿಂತರು. ಮೈಕೆಲ್ ಬಿ. ಜಾರ್ಡನ್ ಅಭಿನಯಿಸಿದ ಈ ಹುಡುಗನು ಪೋಲೀಸರಿಂದ ತಪ್ಪಿಸಿಕೊಳ್ಳುತ್ತ ಆಟಕ್ಕೆ ಬಂದವನು. ತಾಯಿಯು ಮಾದಕವಸ್ತುವಿಗೆ ವಶವಾದವಳು, ತಂದೆಯು ಜೈಲಿನಲ್ಲಿ. ನಾಟಕದ ಐದು ಪರ್ವಗಳಲ್ಲಿ ಕಟ್ಟನ್ನು ಕಳಚುವ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ ಸಂವಿಧಾನವು ಬೇರೊಂದಿಲ್ಲ.

ಬಿಳಿಯ ಕೋಚನೊಬ್ಬನು ಕರಿಯ ಹುಡುಗರನ್ನು ಉದ್ಧರಿಸುವ ಕಥೆಯಿದು ಎಂಬ ಆಕ್ಷೇಪವನ್ನು ಎತ್ತಿದವರೂ ಉಂಟು. ಮೊದಲನೆಯ ಪರ್ವದಲ್ಲಿ ಸಹಾಯಕ ಕೋಚನೊಬ್ಬನು ಕರಿಯರ ವಿಷಯದಲ್ಲಿ ಹೀನವಾದ ಮಾತನ್ನಾಡಿದಾಗ, ಸ್ಮ್ಯಾಷ್ ವಿಲಿಯಮ್ಸ್ ಎಂಬ ಆಟಗಾರನು ಸಂಗಡಿಗರೊಡನೆ ಬಯಲಿನಿಂದ ಹೊರಟುಹೋಗುವನು. ಆ ಕಂತುಗಳು ನಿಷ್ಠುರವಾಗಿವೆ. ಆದರೆ ಕೊನೆಗೆ ಪಂದ್ಯವೊಂದು ಬಂದು ಜಗಳವನ್ನು ನುಂಗಿಬಿಡುವುದು. ಆಕ್ಷೇಪದಲ್ಲಿ ಅರ್ಧ ಸತ್ಯವಿರುವುದೆನ್ನಬೇಕು. ಉಳಿದರ್ಧಕ್ಕೆ ಉತ್ತರವು ವಿನ್ಸನ ತಾಯಿಯ ಪಾತ್ರದಲ್ಲಿದೆ. ಆಕೆಯು ಎದ್ದು ನಿಲ್ಲುವುದು ಕೋಚನ ಭಾಷಣದಿಂದಲ್ಲ.

ಆ ಪರ್ವದ ಐದನೆಯ ಕಂತು ಎಲ್ಲರ ಬಾಯಿಯಲ್ಲಿಯೂ ಇರುವುದು. ಸರಾಸೆನ್ನನ ತಂದೆಯು ಇರಾಕಿನಲ್ಲಿ ಮಡಿದು ಪೆಟ್ಟಿಗೆಯಲ್ಲಿ ಬರುವನು. ಮಗನು ತಂದೆಯನ್ನು ದ್ವೇಷಿಸುತ್ತಿದ್ದವನು; ಆ ದ್ವೇಷಕ್ಕೆ ಇನ್ನು ಆಶ್ರಯವಿಲ್ಲ. ಟೇಲರ್ ದಂಪತಿಗಳ ಊಟದ ಮೇಜಿನ ಮುಂದೆ ಕುಳಿತು ಅವನು ತನ್ನ ದ್ವೇಷವನ್ನು ಹೇಳಿಕೊಂಡು ಅಳುವನು. ಇಲ್ಲಿ ಪಂದ್ಯವಿಲ್ಲ, ಪಕ್ಷವಿಲ್ಲ. ಕರುಣವು ಶುದ್ಧವಾಗಿ ಹರಿದಿರುವುದು. ಅಭಿಮಾನಿಗಳು ಈ ಕಂತಿನ ವಿಷಯವಾಗಿ ಹೆಚ್ಚಾಗಿ ವಾದಿಸುವುದೇ ಇಲ್ಲ. ‘ಕಷ್ಟಂ’ ಎಂಬುದಕ್ಕಿಂತ ಹೆಚ್ಚಿನ ಮಾತಿಗೆ ಎಡೆಯಿಲ್ಲ.

ವಾದವೆಲ್ಲವೂ ಮತ್ತೆ ಕೂಡಿಕೊಳ್ಳುವುದು ಕೊನೆಯ ಕಂತಿನಲ್ಲಿ. ಐದನೆಯ ಪರ್ವದ ಕೊನೆಗೆ ಎರಡು ಸಂಗತಿಗಳು ಒಟ್ಟಿಗೆ ಒದಗುವುವು. ಹಣದ ಕೊರತೆಯಿಂದ ಎರಡು ಶಾಲೆಗಳ ತಂಡಗಳನ್ನು ಒಂದು ಮಾಡುವರು. ಆ ದೊಡ್ಡ ತಂಡಕ್ಕೆ ಕೋಚನಾಗಲು ಟೇಲರನಿಗೆ ಕರೆ ಬರುವುದು. ಅದೇ ವೇಳೆಗೆ ಫಿಲಡೆಲ್ಫಿಯಾದ ಒಂದು ಕಾಲೇಜಿನಲ್ಲಿ ಟ್ಯಾಮಿಗೆ ದೊಡ್ಡ ಹುದ್ದೆ ದೊರೆಯುವುದು. ಹದಿನೆಂಟು ವರ್ಷ ಗಂಡನ ಕೆಲಸದ ಹಿಂದೆ ಊರಿಂದೂರಿಗೆ ಹೋದವಳು ಈಗ ತನ್ನ ಸರದಿಯನ್ನು ಕೇಳುವಳು. ಆತನು ಮೊದಲು ಕೇಳಿಸಿಕೊಳ್ಳುವುದೇ ಇಲ್ಲ. ಇದನ್ನು ಕಂಡು ಅಭಿಮಾನಿಗಳು ಎರಡು ಪಕ್ಷವಾದರು. ಧೀರೋದಾತ್ತನೆಂದು ತಾವು ಪೂಜಿಸಿದ ಕೋಚನು ಇಷ್ಟು ಅಲ್ಪನಾಗಬಾರದೆಂದು ಕೆಲವರು. ತಂಡವನ್ನು ಬಿಡುವ ಪ್ರಶ್ನೆಯೇ ಏಳಬಾರದಿತ್ತೆಂದು ಕೆಲವರು. ಈ ಎರಡನೆಯವರ ಮಾತು ಬಡಿ ಗ್ಯಾರಿಟಿಯ ಮಾತು. ಮೊದಲನೆಯವರ ಮಾತಿಗೆ ಉತ್ತರವು ಹಿಂದಿನ ಕಂತುಗಳಲ್ಲಿಯೇ ಇರುವುದು: ಆತನು ಎಂದೂ ಹೀಗೆಯೇ ಇದ್ದನು, ಹುಡುಗರ ಎದುರಿಗೆ ದೊಡ್ಡವನಾಗಿ ಕಾಣುವುದರಲ್ಲಿ ಮನೆಯ ಕಡೆಯನ್ನು ನೋಡಲು ಪ್ರೇಕ್ಷಕನೇ ಮರೆತಿದ್ದನು. ಕೋಚನು ಕೊನೆಗೆ ತನ್ನನ್ನೂ ಫಿಲಡೆಲ್ಫಿಯಾಕ್ಕೆ ಕರೆದುಕೊಂಡು ಹೋಗೆಂದು ಹೆಂಡತಿಯನ್ನು ಬೇಡಿಕೊಳ್ಳುವನು. ಕೈಲ್ ಚಾಂಡ್ಲರನಿಗೂ, ಈ ಕಂತನ್ನು ಬರೆದ ಕೇಟಿಮ್ಸನಿಗೂ 2011ರಲ್ಲಿ ಎಮ್ಮಿ ಬಹುಮಾನಗಳು ಬಂದುದು ಯುಕ್ತವಾಗಿಯೇ ಇರುವುದು.

ಇನ್ನುಳಿದುದು ಆ ಚೆಂಡು. ಸಂಸ್ಥಾನದ ಫೈನಲ್ ಪಂದ್ಯ, ಕೊನೆಯ ಕ್ಷಣ, ವಿನ್ಸನು ಚೆಂಡನ್ನು ಆಕಾಶಕ್ಕೆ ಎಸೆಯುವನು. ಚೆಂಡು ತಿರುಗುತ್ತ ಹೋಗುವುದು. ಕೆಳಗೆ ಎಲ್ಲ ಮುಖಗಳೂ ಮೇಲಕ್ಕೆ ನೋಡುವುವು. ಅದು ಕೆಳಕ್ಕಿಳಿಯುವಾಗ ಎಂಟು ತಿಂಗಳು ಕಳೆದಿರುವುದು. ಹಿಡಿದವನು ಫಿಲಡೆಲ್ಫಿಯಾದ ಬಯಲಿನಲ್ಲಿ ಅಭ್ಯಾಸಮಾಡುತ್ತಿರುವ ಯಾರೋ ಒಬ್ಬ ಹುಡುಗ. ಗೆದ್ದುದನ್ನೂ ಸೋತುದನ್ನೂ ಹೇಳುವುದಿಲ್ಲ. ಐದು ವರ್ಷ ಕಾದು ಕುಳಿತ ತಮಗೆ ಮೋಸವಾಯಿತೆಂದು ಸಿಟ್ಟಾದ ಅಭಿಮಾನಿಗಳುಂಟು. ಅವರಲ್ಲಿ ಸೂಕ್ಷ್ಮಬುದ್ಧಿಯವರು ಮತ್ತೊಮ್ಮೆ ನೋಡಿ, ಹುಡುಗರ ಬೆರಳಿನಲ್ಲಿ ಗೆದ್ದವರ ಉಂಗುರವಿರುವುದನ್ನು ಕಂಡುಹಿಡಿದರು. ಲೂಕ್ ಎಂಬ ಹುಡುಗನು ಸೈನ್ಯಕ್ಕೆ ಹೊರಡುವ ಬಸ್ಸನ್ನು ಹತ್ತುವ ಮುನ್ನ ತನ್ನ ಪ್ರಿಯೆಗೆ ಕೊಡುವುದೂ 그 ಉಂಗುರವನ್ನೇ.

ಫಲವನ್ನು ವಾಚ್ಯವಾಗಿ ಹೇಳದೆ ಉಂಗುರದಿಂದ ಧ್ವನಿಸಿದುದು ಕವಿಗಳ ಜಾಣ್ಮೆಯೆಂದು ಈ ಸೂಕ್ಷ್ಮಬುದ್ಧಿಯವರು ಹೊಗಳುವರು. ಜಾಣ್ಮೆಯು ಅಲ್ಲಿಗೆ ನಿಲ್ಲುವುದಿಲ್ಲ. ಉಂಗುರವನ್ನು ಹುಡುಕಿದವನು ಇನ್ನೂ ಡಿಲನ್ನಿನ ಬೆಂಚಿನ ಮೇಲೆಯೇ ಕುಳಿತಿರುವನು. ಅವನಿಗೆ ಬೇಕಾದುದನ್ನೂ ಕವಿಗಳು ಒಂದು ಮೂಲೆಯಲ್ಲಿ ಇಟ್ಟಿರುವರು. ಚೆಂಡು ಎಲ್ಲಿ ಬಿದ್ದಿತೆಂಬುದನ್ನು ಮರೆತವನಿಗೆ ಮಾತ್ರ ಮುಂದಿನ ದೃಶ್ಯವು ಸರಿಯಾಗಿ ಕಾಣುವುದು. ಹೊಸ ಊರಿನ ಹೊಸ ಹುಡುಗರ ನಡುವೆ ಕೋಚನು ಮಂಡಿಯೂರಿ, ಡಿಲನ್ನಿನಲ್ಲಿ ದಿನವೂ ಕೂಗುತ್ತಿದ್ದ ಘೋಷದ ಪೂರ್ವಾರ್ಧವನ್ನು ಕೂಗುವನು. ಉತ್ತರಾರ್ಧವನ್ನು ಹೇಳಬೇಕಾದ ಹುಡುಗರು ಸುಮ್ಮನೆ ಅವನ ಮುಖವನ್ನು ನೋಡುವರು. ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಹೇಳಿ ಅವನು ಎದ್ದು, ಬಯಲಿನ ಅಂಚಿನಲ್ಲಿ ಕಾದಿರುವ ಹೆಂಡತಿಯೊಡನೆ ನಡೆದುಹೋಗುವನು. ಹಿಂದುಗಡೆ ದೀಪಗಳು ಆರುವುವು.